ಡೇಟಾಬೇಸ್ ಅಂಕಿಅಂಶ ಟೂಲ್‌ಗೆ ಎಐ ಏಜೆಂಟ್‌ಗಳು ಓದುವಂಥ ವಿವರಣೆ ಬರೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಡೇಟಾಬೇಸ್‌ನ ಒಳಗಿನ ಅಂಕಿಅಂಶಗಳನ್ನು ತೋರಿಸುವ ಟೂಲ್ ಸಾಮಾನ್ಯವಾಗಿ ಎಲ್ಲ ತಂಡಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಇರುತ್ತದೆ. ಯಾವ ಟೇಬಲ್‌ನಲ್ಲಿ ಎಷ್ಟು ಸಾಲುಗಳಿವೆ, ಯಾವ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಇಡುವ ಸೂಚಿ) ಬಳಕೆಯಲ್ಲಿದೆ, ಯಾವ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಹೆಚ್ಚು ಸಮಯ ತೆಗೆದುಕೊಳ್ಳುತ್ತಿದೆ ಎಂಬುದನ್ನು ಅದು ಹೇಳುತ್ತದೆ. ಇಷ್ಟು ಕಾಲ ಅದನ್ನು ಓದುತ್ತಿದ್ದವರು ಡೇಟಾಬೇಸ್ ನೋಡಿಕೊಳ್ಳುವ ಅನುಭವಿಗಳು. ತೆರೆಯ ಮೇಲೆ ಕಾಣುವ ಸಂಖ್ಯೆಯನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬ ಅಂದಾಜು ಅವರಿಗೆ ವರ್ಷಗಳ ಕೆಲಸದಿಂದ ಬಂದಿರುತ್ತದೆ. ಈಗ ಅದೇ ಟೂಲ್ ಅನ್ನು ಎಐ ಏಜೆಂಟ್‌ಗಳು, ಅಂದರೆ ಭಾಷಾ ಮಾಡೆಲ್ ಬಳಸಿ ತಾವೇ ಟೂಲ್‌ಗಳನ್ನು ಆರಿಸಿ ಓಡಿಸುವ ಪ್ರೋಗ್ರಾಂಗಳು, ಕರೆಯತೊಡಗಿವೆ. ಏಜೆಂಟ್‌ಗೆ ಸಾಮಾನ್ಯ ಜ್ಞಾನ ಸಾಕಷ್ಟಿರಬಹುದು, ಆದರೆ ನಮ್ಮ ಟೂಲ್ ಯಾವ ಸಂಖ್ಯೆಯನ್ನು ಎಲ್ಲಿಂದ, ಯಾವಾಗಿನ ಸ್ಥಿತಿಯಲ್ಲಿ ತಂದುಕೊಟ್ಟಿದೆ ಎಂಬುದು ನಾವು ಬರೆದುಕೊಟ್ಟರೆ ಮಾತ್ರ ಅದಕ್ಕೆ ತಿಳಿಯುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯುದ್ದಕ್ಕೂ ನಾನು ಒತ್ತಿ ಹೇಳುವುದು ಒಂದೇ ವಿಷಯ: ಪ್ರತಿಯೊಂದು ಸಂಖ್ಯೆ ಏನನ್ನು ಹೇಳುತ್ತದೆ ಎಂಬುದರ ಜೊತೆಗೆ ಏನನ್ನು ಹೇಳುವುದಿಲ್ಲ ಎಂಬುದನ್ನೂ ಬರೆಯಬೇಕು.

ಉದಾಹರಣೆಗೆ ಒಂದು ಡೇಟಾಬೇಸ್ ಇಟ್ಟುಕೊಳ್ಳೋಣ. ಮಂಡ್ಯ ಜಿಲ್ಲೆಯ ಹಳ್ಳಿ ಡೇರಿಗಳ ಹಾಲಿನ ಲೆಕ್ಕವನ್ನು ಮೈಸೂರಿನಲ್ಲಿ ಕುಳಿತ ಒಂದು ಸಣ್ಣ ತಂಡ ನೋಡಿಕೊಳ್ಳುತ್ತಿದೆ ಎಂದು ಭಾವಿಸಿ. ಹಾಲು_ಸಂಗ್ರಹ ಎಂಬ ಟೇಬಲ್‌ನಲ್ಲಿ ಬೆಳಿಗ್ಗೆ ಮತ್ತು ಸಂಜೆ ಪ್ರತಿ ಸದಸ್ಯರು ಹಾಕಿದ ಹಾಲಿನ ಲೀಟರ್, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ದಾಖಲಾಗುತ್ತವೆ. ಸದಸ್ಯರು, ತಾಲ್ಲೂಕು, ಬಟವಾಡೆ ಎಂಬ ಟೇಬಲ್‌ಗಳು ಅದರ ಜೊತೆಗಿವೆ. ಡೇಟಾಬೇಸ್ ಪೋಸ್ಟ್‌ಗ್ರೆಸ್‌ಕ್ಯೂಎಲ್. ಏಜೆಂಟ್‌ಗೆ ಕೊಟ್ಟಿರುವ ಅಂಕಿಅಂಶದ ಟೂಲ್‌ಗಳು ಮೂರು: ಟೇಬಲ್_ಸ್ಥಿತಿ, ಕಾಲಂ_ಹರವು ಮತ್ತು ನಿಧಾನ_ಕ್ವೆರಿ. ಇವಲ್ಲದೆ ಟೇಬಲ್‌ಗಳ ಹೆಸರು ಕೊಡುವ ಟೇಬಲ್_ಪಟ್ಟಿ ಮತ್ತು ವ್ಯವಹಾರದ ಪ್ರಶ್ನೆಗಳಿಗೆ ಉತ್ತರಿಸುವ ವರದಿ_ಕ್ವೆರಿ ಎಂಬ ಟೂಲ್‌ಗಳೂ ಇವೆ. ಹೆಸರುಗಳು ಕಲ್ಪಿತ, ಇವುಗಳ ಹಿಂದೆ ಇರುವ ಪೋಸ್ಟ್‌ಗ್ರೆಸ್‌ನ ವ್ಯೂಗಳು (ಟೇಬಲ್‌ನಂತೆ ಓದಬಹುದಾದ ಸಿದ್ಧ ನೋಟಗಳು) ಮಾತ್ರ ನಿಜವಾದವು.

ಹಂತ 1: ಬರೆಯುವ ಮೊದಲು ಸಂಖ್ಯೆಯ ಮೂಲ ಹುಡುಕಿ

ಟೂಲ್‌ನ ಕೋಡ್ ತೆರೆದು, ಔಟ್‌ಪುಟ್‌ನ ಪ್ರತಿ ಫೀಲ್ಡ್ ಯಾವ ವ್ಯೂನ ಯಾವ ಕಾಲಂನಿಂದ ಬರುತ್ತದೆ ಎಂದು ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ಪೋಸ್ಟ್‌ಗ್ರೆಸ್‌ನಲ್ಲಿ ಅಂಕಿಅಂಶ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಜಾತಿಯ ಮಾಹಿತಿ ಇದೆ. ಮೊದಲನೆಯದು ಪ್ಲಾನರ್‌ಗಾಗಿ, ಅಂದರೆ ಕ್ವೆರಿಯನ್ನು ಹೇಗೆ ಓಡಿಸಬೇಕೆಂದು ನಿರ್ಧರಿಸುವ ಭಾಗಕ್ಕಾಗಿ, ಸಂಗ್ರಹಿಸಿದ ಅಂದಾಜು: ಅನಲೈಜ್ ಎಂಬ ಆಜ್ಞೆ ಟೇಬಲ್‌ನಿಂದ ಮಾದರಿ ಸಾಲುಗಳನ್ನು ತೆಗೆದು ಲೆಕ್ಕ ಹಾಕಿದ್ದು, ಪಿಜಿ_ಸ್ಟಾಟ್ಸ್ ವ್ಯೂನಲ್ಲಿ ಕಾಣುತ್ತದೆ. ಎರಡನೆಯದು ಚಟುವಟಿಕೆಯ ಕೌಂಟರ್‌ಗಳು: ಎಷ್ಟು ಬಾರಿ ಟೇಬಲ್ ಪೂರ್ತಿ ಓದಲಾಯಿತು, ಎಷ್ಟು ಬಾರಿ ಇಂಡೆಕ್ಸ್ ಬಳಸಲಾಯಿತು ಎಂಬ ಏರುವ ಸಂಖ್ಯೆಗಳು, ಪಿಜಿ_ಸ್ಟಾಟ್_ಯೂಸರ್_ಟೇಬಲ್ಸ್ ಮುಂತಾದ ವ್ಯೂಗಳಲ್ಲಿರುತ್ತವೆ. ಇವೆರಡೂ ಹಳತಾಗುವ ರೀತಿ ಬೇರೆ, ತಪ್ಪಾಗುವ ರೀತಿಯೂ ಬೇರೆ. ನಿಮ್ಮ ಟೂಲ್ ಎರಡನ್ನೂ ಒಂದೇ ಉತ್ತರದಲ್ಲಿ ಬೆರೆಸಿ ಕೊಡುತ್ತಿದ್ದರೆ, ಯಾವ ಫೀಲ್ಡ್ ಯಾವ ಜಾತಿಗೆ ಸೇರಿದ್ದು ಎಂಬುದನ್ನು ಹೇಳದೆ ಮುಂದೆ ಹೋಗಬೇಡಿ.

ಇದೇ ಹಂತದಲ್ಲಿ ಟೂಲ್ ಅನ್ನು ಕೈಯಿಂದಲೇ ಓಡಿಸಿ ನೋಡಿ. ಸಾವಿರಾರು ಸಾಲುಗಳಿರುವ ಟೇಬಲ್ ಮೇಲೆ, ಖಾಲಿ ಟೇಬಲ್ ಮೇಲೆ, ಈಗಷ್ಟೇ ಸೃಷ್ಟಿಸಿದ ಟೇಬಲ್ ಮೇಲೆ, ಅನುಮತಿಯಿಲ್ಲದ ಟೇಬಲ್ ಮೇಲೆ ಮತ್ತು ಇಲ್ಲದೇ ಇರುವ ಹೆಸರಿನ ಮೇಲೆ ಓಡಿಸಿ, ಬಂದ ಉತ್ತರಗಳನ್ನು ಹಾಗೆಯೇ ಉಳಿಸಿಟ್ಟುಕೊಳ್ಳಿ. ಮುಂದೆ ಉದಾಹರಣೆಗಳನ್ನು ಬರೆಯುವಾಗ ಇವೇ ಬೇಕಾಗುತ್ತವೆ.

ಹಂತ 2: ಹೆಸರು ಮತ್ತು ಮೊದಲ ಎರಡು ವಾಕ್ಯ

ಏಜೆಂಟ್ ಹತ್ತಾರು ಟೂಲ್‌ಗಳ ಪಟ್ಟಿಯಿಂದ ಒಂದನ್ನು ಆರಿಸಿಕೊಳ್ಳುವುದು ಹೆಸರು ಮತ್ತು ಕಿರು ವಿವರಣೆಯನ್ನು ನೋಡಿ. ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನಲ್ಲೂ (ಏಜೆಂಟ್‌ಗಳನ್ನು ಟೂಲ್‌ಗಳಿಗೆ ಜೋಡಿಸುವ ನಿಯಮಾವಳಿ) ಪ್ರತಿ ಟೂಲ್‌ಗೆ ಒಂದು ಹೆಸರು, ಒಂದು ವಿವರಣೆ ಮತ್ತು ಜೆಸನ್ ಸ್ಕೀಮಾ ರೂಪದ ಇನ್‌ಪುಟ್ ವಿವರ ಇರುತ್ತದೆ. ಹಾಗಾಗಿ ಮೊದಲ ವಾಕ್ಯದಲ್ಲಿ ಟೂಲ್ ಏನು ಕೊಡುತ್ತದೆ ಎಂದೂ, ಎರಡನೆಯದರಲ್ಲಿ ಯಾವಾಗ ಇದನ್ನು ಕರೆಯಬಾರದು, ಆಗ ಏನನ್ನು ಕರೆಯಬೇಕು ಎಂದೂ ಹೇಳಿ.

“ಟೇಬಲ್ ಬಗ್ಗೆ ಮಾಹಿತಿ ಕೊಡುತ್ತದೆ” ಎಂದು ಬರೆದರೆ ಏನನ್ನೂ ಬರೆದಂತಾಗುವುದಿಲ್ಲ. ಬದಲಿಗೆ ಹೀಗೆ ಬರೆಯಬಹುದು: “ಒಂದು ಟೇಬಲ್‌ನ ಅಂದಾಜು ಸಾಲುಗಳ ಸಂಖ್ಯೆ, ಸತ್ತ ಸಾಲುಗಳ (ಅಳಿಸಿದ ಅಥವಾ ಬದಲಾಯಿಸಿದ ಮೇಲೂ ಜಾಗ ಹಿಡಿದಿರುವ ಹಳೆಯ ಸಾಲುಗಳ) ಅಂದಾಜು, ಓದಿನ ಕೌಂಟರ್‌ಗಳು ಮತ್ತು ಕೊನೆಯ ಅನಲೈಜ್ ನಡೆದ ಸಮಯವನ್ನು ಕೊಡುತ್ತದೆ, ಟೇಬಲ್‌ನ ಒಂದು ಸಾಲನ್ನೂ ಓದುವುದಿಲ್ಲ. ಹಾಲಿನ ಪ್ರಮಾಣ, ಸದಸ್ಯರ ಸಂಖ್ಯೆ, ಬಟವಾಡೆ ಮೊತ್ತದಂಥ ವ್ಯವಹಾರದ ಪ್ರಶ್ನೆಗಳಿಗೆ ಇದನ್ನು ಕರೆಯಬೇಡಿ. ಅವಕ್ಕೆ ವರದಿ_ಕ್ವೆರಿ ಟೂಲ್ ಇದೆ.” ಈ ಎರಡನೇ ವಾಕ್ಯವಿಲ್ಲದಿದ್ದರೆ ಆಗುವ ಅನಾಹುತವನ್ನು ಊಹಿಸುವುದು ಕಷ್ಟವಲ್ಲ. ಮದ್ದೂರು ತಾಲ್ಲೂಕಿನಲ್ಲಿ ಎಷ್ಟು ಮಂದಿ ಹಾಲು ಹಾಕುತ್ತಿದ್ದಾರೆ ಎಂದು ಕೇಳಿದವರಿಗೆ, ಬೇಗ ಉತ್ತರ ಸಿಗುತ್ತದೆ ಎಂಬ ಕಾರಣಕ್ಕೆ ಏಜೆಂಟ್ ಅಂಕಿಅಂಶದ ಅಂದಾಜನ್ನೇ ಸದಸ್ಯರ ಎಣಿಕೆ ಎಂದು ಕೊಟ್ಟುಬಿಡುತ್ತದೆ.

ಹಂತ 3: ಇನ್‌ಪುಟ್

ಇಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಪ್ರತಿ ಇನ್‌ಪುಟ್‌ನ ಪ್ರಕಾರ, ಕಡ್ಡಾಯವೇ ಅಲ್ಲವೇ, ಕೊಡದಿದ್ದರೆ ಏನು ಹಿಡಿಯಲಾಗುತ್ತದೆ, ಗರಿಷ್ಠ ಮಿತಿ ಎಷ್ಟು ಎಂಬುದನ್ನು ಬರೆಯಿರಿ. ಸ್ಕೀಮಾ, ಅಂದರೆ ಟೇಬಲ್‌ಗಳ ಗುಂಪಿನ, ಹೆಸರು ಕೊಡದಿದ್ದಾಗ ಪಬ್ಲಿಕ್ ಎಂದು ಹಿಡಿಯುವುದಾದರೆ ಹಾಗೆಂದು ಸ್ಪಷ್ಟವಾಗಿ ಹೇಳಿ.

ಕನ್ನಡದಲ್ಲಿ ಟೇಬಲ್ ಹೆಸರಿಡುವವರು ಗಮನಿಸಬೇಕಾದ ಒಂದು ಅಂಶವಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿನ ಮಿತಿ 63 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ 3 ಬೈಟ್ ತೆಗೆದುಕೊಳ್ಳುವುದರಿಂದ 21 ಸಂಕೇತಗಳಿಗೆ ಹೆಸರು ಮುಗಿಯುತ್ತದೆ. ಕ್ಷೇ ಎಂಬ ಒಂದೇ ಅಕ್ಷರ ಕಕಾರ, ವಿರಾಮ, ಷಕಾರ ಮತ್ತು ಏತ್ವ ಸೇರಿ 12 ಬೈಟ್ ಆಗುತ್ತದೆ. ಮಿತಿ ಮೀರಿದ ಹೆಸರನ್ನು ಪೋಸ್ಟ್‌ಗ್ರೆಸ್ ತಡೆಯುವುದಿಲ್ಲ, ಒಂದು ಸೂಚನೆ ಕೊಟ್ಟು ಕತ್ತರಿಸಿಬಿಡುತ್ತದೆ. ಏಜೆಂಟ್ ಪೂರ್ತಿ ಹೆಸರನ್ನು ಕೊಟ್ಟು, ಟೂಲ್ ಅದನ್ನು ಕ್ಯಾಟಲಾಗ್‌ನಲ್ಲಿ ಪಠ್ಯವಾಗಿ ಹುಡುಕಿದಾಗ “ಟೇಬಲ್ ಇಲ್ಲ” ಎಂಬ ಉತ್ತರ ಬರುವುದು ಇದರಿಂದಲೇ. ಮೇಲಾಗಿ, ಕೆಲವು ಸ್ವರಚಿಹ್ನೆಗಳನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ಬರೆಯಲು ಸಾಧ್ಯವಿರುವುದರಿಂದ, ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ಡೇಟಾಬೇಸ್‌ಗೆ ಬೇರೆಯಾಗಿರಬಹುದು. ಹೆಸರನ್ನು ಊಹಿಸಬಾರದು, ಟೇಬಲ್_ಪಟ್ಟಿ ಟೂಲ್‌ನಿಂದ ಬಂದ ಹೆಸರನ್ನೇ ಹಾಗೆಯೇ ಕೊಡಬೇಕು ಎಂದು ವಿವರಣೆಯಲ್ಲಿ ಸೇರಿಸಿದರೆ ಈ ತೊಡಕು ತಪ್ಪುತ್ತದೆ.

ಹಂತ 4: ಔಟ್‌ಪುಟ್, ಒಂದೊಂದೇ ಫೀಲ್ಡ್

ಇಡೀ ಕೆಲಸದ ತಿರುಳು ಇಲ್ಲಿದೆ. ನಿಮ್ಮ ಸಮಯದ ಬಹುಪಾಲನ್ನು ಇದಕ್ಕೇ ಮೀಸಲಿಡಿ. ಪ್ರತಿ ಫೀಲ್ಡ್‌ಗೂ ಐದು ಪ್ರಶ್ನೆ ಹಾಕಿಕೊಳ್ಳಿ: ಇದರ ಮಾನ ಯಾವುದು? ಇದು ಎಣಿಕೆಯೋ ಅಂದಾಜೋ? ಯಾವಾಗಿನಿಂದ ಅಥವಾ ಯಾವ ಕ್ಷಣದ ಸ್ಥಿತಿ? ಸೊನ್ನೆ, ಋಣಸಂಖ್ಯೆ ಅಥವಾ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಬಂದರೆ ಏನರ್ಥ? ಇದರಿಂದ ಯಾವ ತೀರ್ಮಾನಕ್ಕೆ ಬರಬಾರದು?

ಮೊದಲಿಗೆ ಸಾಲುಗಳ ಸಂಖ್ಯೆಯನ್ನೇ ತೆಗೆದುಕೊಳ್ಳೋಣ. ಪಿಜಿ_ಕ್ಲಾಸ್‌ನ ರೆಲ್‌ಟಪಲ್ಸ್ ಎಂಬ ಕಾಲಂ ಕೊಡುವುದು ಅಂದಾಜು ಮಾತ್ರ. ಪೋಸ್ಟ್‌ಗ್ರೆಸ್ 14ರಿಂದ ಈಚೆಗೆ, ಇನ್ನೂ ವ್ಯಾಕ್ಯೂಮ್ (ಸತ್ತ ಸಾಲುಗಳನ್ನು ತೆರವು ಮಾಡುವ ಕೆಲಸ) ಅಥವಾ ಅನಲೈಜ್ ಕಾಣದ ಟೇಬಲ್‌ಗೆ ಅದು -1 ಎಂದು ತೋರಿಸುತ್ತದೆ; ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಸೊನ್ನೆ ಇರುತ್ತಿದ್ದುದರಿಂದ ಖಾಲಿ ಟೇಬಲ್ ಯಾವುದು, ಅಳೆಯದ ಟೇಬಲ್ ಯಾವುದು ಎಂದು ತಿಳಿಯುತ್ತಿರಲಿಲ್ಲ. ಇದನ್ನು ವಿವರಣೆಯಲ್ಲಿ ಬರೆಯುವ ಬಗೆ ಹೀಗಿರಬಹುದು:

“ಅಂದಾಜು_ಸಾಲು: ಪೂರ್ಣಾಂಕ. ಟೇಬಲ್‌ನಲ್ಲಿರುವ ಸಾಲುಗಳ ಅಂದಾಜು, ಎಣಿಕೆಯಲ್ಲ. ಕೊನೆಯ ವ್ಯಾಕ್ಯೂಮ್ ಅಥವಾ ಅನಲೈಜ್ ಹೊತ್ತಿನ ಸ್ಥಿತಿ. ಆ ಸಮಯ ಕೊನೆ_ವ್ಯಾಕ್ಯೂಮ್ ಮತ್ತು ಕೊನೆ_ಅನಲೈಜ್ ಫೀಲ್ಡ್‌ಗಳಲ್ಲಿದೆ. -1 ಬಂದರೆ ಟೇಬಲ್ ಅನ್ನು ಇನ್ನೂ ಅಳೆದಿಲ್ಲ ಎಂದರ್ಥ, ಖಾಲಿಯಿದೆ ಎಂದಲ್ಲ. ಬಳಕೆದಾರರಿಗೆ ಹೇಳುವಾಗ ‘ಸುಮಾರು’ ಎಂದು ಸೇರಿಸಿ, ಅಳೆದ ಸಮಯವನ್ನೂ ತಿಳಿಸಿ. ಬಟವಾಡೆ, ಆಡಿಟ್ ಅಥವಾ ವರದಿಗೆ ಬಳಸಬೇಡಿ.”

ಇದು ಉದ್ದವಾಯಿತು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಈ ಆರೇಳು ಸಾಲುಗಳಲ್ಲಿ ಯಾವುದನ್ನು ತೆಗೆದರೂ ಒಂದು ತಪ್ಪು ಉತ್ತರಕ್ಕೆ ದಾರಿ ತೆರೆಯುತ್ತದೆ.

ಇನ್ನು ಕಾಲಂ_ಹರವು. ಪಿಜಿ_ಸ್ಟಾಟ್ಸ್‌ನಲ್ಲಿ ಎನ್_ಡಿಸ್ಟಿಂಕ್ಟ್ ಎಂಬುದು ಒಂದು ಕಾಲಂನಲ್ಲಿ ಎಷ್ಟು ಬೇರೆ ಬೇರೆ ಮೌಲ್ಯಗಳಿವೆ ಎಂಬ ಅಂದಾಜು. ತಾಲ್ಲೂಕು ಕಾಲಂಗೆ ಅದು 7 ಎಂದು ಬಂದರೆ ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳಿಗೆ ಸರಿಹೊಂದುತ್ತದೆ, ಯಾರಿಗೂ ಗೊಂದಲವಾಗುವುದಿಲ್ಲ. ಆದರೆ ಸದಸ್ಯರ ಟೇಬಲ್‌ನ ಸಂಖ್ಯೆ ಕಾಲಂಗೆ -1 ಎಂದೂ, ಮತ್ತೊಂದಕ್ಕೆ -0.4 ಎಂದೂ ಬರಬಹುದು. ಋಣಸಂಖ್ಯೆ ಬಂದಾಗ ಅದು ಸಾಲುಗಳ ಅನುಪಾತ: -1 ಎಂದರೆ ಪ್ರತಿ ಸಾಲಿನಲ್ಲೂ ಬೇರೆ ಮೌಲ್ಯ, -0.4 ಎಂದರೆ 10 ಲಕ್ಷ ಸಾಲುಗಳಲ್ಲಿ ಸುಮಾರು 4 ಲಕ್ಷ ಬೇರೆ ಮೌಲ್ಯಗಳು. ಇದನ್ನು ಹಾಗೆಯೇ ಏಜೆಂಟ್‌ಗೆ ಕೊಟ್ಟು ವಿವರಣೆಯಲ್ಲಿ ಅರ್ಥ ಬರೆಯುವುದು ಒಂದು ದಾರಿ. ಟೂಲ್‌ನಲ್ಲೇ ಲೆಕ್ಕ ಮಾಡಿ ಅಂದಾಜು_ಬೇರೆ_ಮೌಲ್ಯ ಎಂದು ಧನಸಂಖ್ಯೆಯನ್ನೇ ಕೊಡುವುದು ಇನ್ನೊಂದು. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಮೇಲು. ಔಟ್‌ಪುಟ್ ತಾನಾಗಿಯೇ ಸ್ಪಷ್ಟವಾಗಬಲ್ಲ ಕಡೆ ವಿವರಣೆಯ ಮೇಲೆ ಭಾರ ಹೊರಿಸಬಾರದು.

ಮಾದರಿಯ ಗಾತ್ರವನ್ನೂ ಹೇಳಬೇಕು. ಡಿಫಾಲ್ಟ್_ಸ್ಟಾಟಿಸ್ಟಿಕ್ಸ್_ಟಾರ್ಗೆಟ್ ಎಂಬ ಸೆಟ್ಟಿಂಗ್ 100 ಇರುವಾಗ ಅನಲೈಜ್ ಸುಮಾರು 30,000 ಸಾಲುಗಳನ್ನು ಮಾದರಿಯಾಗಿ ತೆಗೆಯುತ್ತದೆ, ಟೇಬಲ್‌ನಲ್ಲಿ ಐವತ್ತು ಲಕ್ಷ ಸಾಲುಗಳಿದ್ದರೂ ಅಷ್ಟೇ. ದೊಡ್ಡ ಟೇಬಲ್‌ಗಳಲ್ಲಿ ಬೇರೆ ಮೌಲ್ಯಗಳ ಸಂಖ್ಯೆ ನಿಜಕ್ಕಿಂತ ಕಡಿಮೆಯಾಗಿ ಕಾಣುವ ಸಾಧ್ಯತೆ ಇದರಿಂದ ಬರುತ್ತದೆ.

ಈಗ ಎಲ್ಲಕ್ಕಿಂತ ಅಪಾಯದ ಫೀಲ್ಡ್‌ಗೆ ಬರೋಣ. ಹಾಲು_ಸಂಗ್ರಹ ಟೇಬಲ್‌ನ ದಿನಾಂಕ ಕಾಲಂಗೆ ಹಿಸ್ಟೋಗ್ರಾಮ್ ಗಡಿಗಳನ್ನು (ಮಾದರಿಯನ್ನು ಸುಮಾರು ಸಮಪಾಲಾಗಿ ಹಂಚುವ ಮೌಲ್ಯಗಳನ್ನು) ಟೂಲ್ ಕೊಡುತ್ತದೆ, ಅದರ ಕೊನೆಯ ಗಡಿ ಒಂದು ದಿನಾಂಕ. ಪೋಸ್ಟ್‌ಗ್ರೆಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಸ್ವಯಂ ಅನಲೈಜ್ ನಡೆಯುವುದು ಟೇಬಲ್‌ನ ಶೇಕಡಾ 10ರಷ್ಟು ಸಾಲುಗಳ ಮೇಲೆ ಇನ್ನೂ 50 ಸಾಲು ಬದಲಾದ ಮೇಲೆ. ಐವತ್ತು ಲಕ್ಷ ಸಾಲಿನ ಟೇಬಲ್‌ಗೆ ಆ ಮಿತಿ 5,00,050 ಸಾಲು. ದಿನಕ್ಕೆ 20,000 ಸಾಲು ಸೇರುತ್ತಿದ್ದರೆ ಒಂದು ಅನಲೈಜ್‌ನಿಂದ ಇನ್ನೊಂದಕ್ಕೆ 25 ದಿನ ಕಳೆಯುತ್ತದೆ. ಆ ನಡುವೆ ಯಾರೋ “ಕೊನೆಯದಾಗಿ ಯಾವತ್ತಿನ ಹಾಲು ದಾಖಲಾಗಿದೆ?” ಎಂದು ಕೇಳಿದರೆ, ಹಿಸ್ಟೋಗ್ರಾಮ್‌ನ ಕೊನೆಯ ಗಡಿಯನ್ನು ನೋಡಿದ ಏಜೆಂಟ್ ಮೂರು ವಾರ ಹಿಂದಿನ ದಿನಾಂಕ ಹೇಳಿ, ಅಂದಿನಿಂದ ಡೇರಿಗಳಿಂದ ಹಾಲೇ ಬಂದಿಲ್ಲ ಎಂದು ಬರೆದುಬಿಡುತ್ತದೆ. ಸಂಖ್ಯೆಯಲ್ಲಿ ತಪ್ಪಿಲ್ಲ, ಟೂಲ್‌ನಲ್ಲಿ ತಪ್ಪಿಲ್ಲ, ಏಜೆಂಟ್‌ನ ತರ್ಕವೂ ತನ್ನ ಮಟ್ಟಿಗೆ ಸರಿಯಾಗಿಯೇ ಇದೆ. ತಪ್ಪಿರುವುದು ವಿವರಣೆಯಲ್ಲಿ. “ಗಡಿಗಳು ಕೊನೆಯ ಅನಲೈಜ್ ಹೊತ್ತಿನ ಮಾದರಿಯಿಂದ ಬಂದವು, ಟೇಬಲ್‌ನ ಮೊದಲ ಅಥವಾ ಕೊನೆಯ ಮೌಲ್ಯ ಎಂದು ತಿಳಿಯಬಾರದು” ಎಂಬ ಒಂದು ವಾಕ್ಯ ಅಲ್ಲಿ ಇರಲೇಬೇಕಿತ್ತು.

ಸಮಯದ ಫೀಲ್ಡ್‌ಗಳಲ್ಲಿ ಯಾವ ಕಾಲವಲಯ ಎಂದು ಹೇಳದೆ ಬಿಡಬೇಡಿ. ಹಳ್ಳಿ ಡೇರಿಯಲ್ಲಿ ಬೆಳಗಿನ ಜಾವ 5 ಗಂಟೆಗೆ ಅಳೆದ ಹಾಲು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಹಿಂದಿನ ದಿನ ರಾತ್ರಿ 11.30. ಟೂಲ್ ಯುಟಿಸಿಯಲ್ಲಿ ಸಮಯ ಕೊಟ್ಟು, ವಿವರಣೆ ಸುಮ್ಮನಿದ್ದರೆ, ಬೆಳಿಗ್ಗೆ 5.30ಕ್ಕೆ ಮೊದಲು ಅಳೆದ ಹಾಲೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತದೆ. ಸಂಖ್ಯೆಗಳನ್ನು ಅಲ್ಪವಿರಾಮವಿಲ್ಲದ ಅಂಕಿಗಳಲ್ಲೇ ಕೊಡಿ. 5,00,050 ಎಂಬ ನಮ್ಮ ಬರವಣಿಗೆಯೂ ಮೂರು ಮೂರು ಅಂಕಿಗೆ ವಿರಾಮ ಹಾಕುವ ಪದ್ಧತಿಯೂ ಒಂದೇ ಉತ್ತರದಲ್ಲಿ ಸೇರಿದರೆ ಓದುವವರು ಯಾರಾದರೂ ಎಡವುತ್ತಾರೆ.

ನಿಧಾನ_ಕ್ವೆರಿ ಟೂಲ್‌ನ ಹಿಂದೆ ಇರುವುದು ಪಿಜಿ_ಸ್ಟಾಟ್_ಸ್ಟೇಟ್‌ಮೆಂಟ್ಸ್ ಎಂಬ ಎಕ್ಸ್‌ಟೆನ್ಷನ್ (ಪೋಸ್ಟ್‌ಗ್ರೆಸ್‌ಗೆ ಸೇರಿಸುವ ಹೆಚ್ಚುವರಿ ಭಾಗ). ಅದರ ಸಮಯವೆಲ್ಲ ಮಿಲಿಸೆಕೆಂಡ್‌ನಲ್ಲಿ. ಒಟ್ಟು ಸಮಯ, ಸರಾಸರಿ ಸಮಯ ಮತ್ತು ಕರೆಗಳ ಸಂಖ್ಯೆ ಮೂರನ್ನೂ ಜೊತೆಗಿಟ್ಟೇ ಓದಬೇಕು ಎಂದು ಬರೆಯಿರಿ, ಏಕೆಂದರೆ ಒಟ್ಟು ಸಮಯದ ಪಟ್ಟಿಯಲ್ಲಿ ಮೊದಲು ನಿಂತ ಕ್ವೆರಿ ಒಂದೊಂದು ಬಾರಿಗೆ ಎರಡೇ ಮಿಲಿಸೆಕೆಂಡ್ ತೆಗೆದುಕೊಂಡು ಲಕ್ಷಾಂತರ ಬಾರಿ ಓಡಿದ್ದಿರಬಹುದು. ಈ ಎಕ್ಸ್‌ಟೆನ್ಷನ್ ಮೂಲ ಸೆಟ್ಟಿಂಗ್‌ನಲ್ಲಿ 5,000 ಬಗೆಯ ಕ್ವೆರಿಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ, ಅದಕ್ಕಿಂತ ಹೆಚ್ಚಾದಾಗ ಕಡಿಮೆ ಬಾರಿ ಓಡಿದವನ್ನು ಕೈಬಿಡುತ್ತದೆ. ಪಟ್ಟಿಯಲ್ಲಿ ಇಲ್ಲದ ಕ್ವೆರಿ ಎಂದೂ ಓಡಿಲ್ಲ ಎಂದು ಏಜೆಂಟ್ ತಿಳಿಯಬಾರದು.

ಹಂತ 5: ಬರಬಾರದ ತೀರ್ಮಾನಗಳನ್ನು ಹೆಸರಿಸಿ ಬರೆಯಿರಿ

ಫೀಲ್ಡ್‌ಗಳ ವಿವರಣೆ ಮುಗಿದ ಮೇಲೆ, ಹಲವು ಫೀಲ್ಡ್‌ಗಳನ್ನು ಕೂಡಿಸಿ ಓದುವಾಗ ಆಗುವ ತಪ್ಪುಗಳಿಗೆ ಒಂದು ಪ್ರತ್ಯೇಕ ಭಾಗ ಬೇಕು. ಅವುಗಳಲ್ಲಿ ಮುಖ್ಯವಾದದ್ದು ಬಳಕೆಯಾಗದ ಇಂಡೆಕ್ಸ್. ಇಂಡೆಕ್ಸ್ ಸ್ಕ್ಯಾನ್ ಕೌಂಟರ್ ಸೊನ್ನೆ ಎಂದು ಕಂಡ ಕೂಡಲೇ ಅದನ್ನು ತೆಗೆದುಹಾಕಿ ಎಂದು ಸಲಹೆ ಕೊಡುವುದು ಏಜೆಂಟ್‌ಗಳಿಗೂ ಹೊಸಬರಿಗೂ ಸಹಜ. ಆದರೆ ಆ ಸೊನ್ನೆಯ ಹಿಂದೆ ಹಲವು ಕಾರಣಗಳಿರಬಹುದು. ಕೌಂಟರ್ ನಿನ್ನೆಯಷ್ಟೇ ರೀಸೆಟ್ ಆಗಿರಬಹುದು. ಸರ್ವರ್ ಅನಿರೀಕ್ಷಿತವಾಗಿ ನಿಂತು ಮತ್ತೆ ಎದ್ದಾಗಲೂ ಪೋಸ್ಟ್‌ಗ್ರೆಸ್ ಈ ಕೌಂಟರ್‌ಗಳನ್ನು ಸೊನ್ನೆಯಿಂದ ಶುರು ಮಾಡುತ್ತದೆ. ಆ ಇಂಡೆಕ್ಸ್ ಪ್ರೈಮರಿ ಕೀ ಅಥವಾ ಯೂನಿಕ್ ನಿರ್ಬಂಧವನ್ನು ಕಾಯುತ್ತಿರಬಹುದು, ಓದಿಗೆ ಬಳಕೆಯಾಗದಿದ್ದರೂ ಅದು ದಿನವೂ ದುಡಿಯುತ್ತಿರುತ್ತದೆ. ವರದಿಗಳೆಲ್ಲ ರೆಪ್ಲಿಕಾ (ನಕಲು) ಸರ್ವರ್‌ನಲ್ಲಿ ಓಡುತ್ತಿರಬಹುದು, ರೆಪ್ಲಿಕಾದ ಕೌಂಟರ್‌ಗಳು ಅಲ್ಲಿಯೇ ಪ್ರತ್ಯೇಕವಾಗಿರುತ್ತವೆ. ಅಥವಾ ವರ್ಷಕ್ಕೊಮ್ಮೆ, ಮಾರ್ಚ್ ಕೊನೆಯ ಲೆಕ್ಕ ಮುಗಿಸಿ ಸದಸ್ಯರ ಬೋನಸ್ ಹಾಕುವಾಗ ಮಾತ್ರ ಅದು ಬೇಕಾಗಬಹುದು.

ಆದ್ದರಿಂದ ಟೂಲ್‌ನ ಉತ್ತರದಲ್ಲೇ ಕೌಂಟರ್ ಯಾವಾಗಿನಿಂದ ಎಂಬುದು ಇರಬೇಕು. ಪಿಜಿ_ಸ್ಟಾಟ್_ಡೇಟಾಬೇಸ್‌ನ ಸ್ಟಾಟ್ಸ್_ರೀಸೆಟ್ ಅದಕ್ಕೆ ಒದಗುತ್ತದೆ. ಪೋಸ್ಟ್‌ಗ್ರೆಸ್ 16ರಿಂದ ಲಾಸ್ಟ್_ಐಡಿಎಕ್ಸ್_ಸ್ಕ್ಯಾನ್ ಎಂಬ ಕಾಲಂ ಇರುವುದರಿಂದ ಕೊನೆಯ ಬಳಕೆಯ ಸಮಯವನ್ನೂ ಕೊಡಬಹುದು. ವಿವರಣೆಯಲ್ಲಿ ಹೀಗೆ ನಿಯಮ ಹಾಕಿ: “ಈ ಟೂಲ್‌ನ ಉತ್ತರವೊಂದನ್ನೇ ಆಧಾರ ಮಾಡಿಕೊಂಡು ಇಂಡೆಕ್ಸ್ ತೆಗೆಯಲು ಶಿಫಾರಸು ಮಾಡಬೇಡಿ. ಯಾವ ಸರ್ವರ್, ಯಾವಾಗಿನಿಂದ, ಯಾವ ನಿರ್ಬಂಧ ಎಂಬ ಮೂರನ್ನೂ ತಿಳಿಸಿ, ನಿರ್ಧಾರವನ್ನು ಡಿಬಿಎಗೆ (ಡೇಟಾಬೇಸ್ ನಿರ್ವಾಹಕರಿಗೆ) ಬಿಡಿ.”

ಪೂರ್ತಿ ಟೇಬಲ್ ಓದಿದ ಕೌಂಟರ್ ಹೆಚ್ಚಿದ್ದರೆ ಅದನ್ನೂ ದೋಷವೆಂದು ಹೇಳುವಂತಿಲ್ಲ. ಏಳು ಸಾಲುಗಳ ತಾಲ್ಲೂಕು ಟೇಬಲ್ ಅನ್ನು ಪ್ಲಾನರ್ ಇಂಡೆಕ್ಸ್ ಬಿಟ್ಟು ಪೂರ್ತಿ ಓದುವುದೇ ಸರಿಯಾದ ಆಯ್ಕೆ. ಸತ್ತ ಸಾಲುಗಳ ವಿಷಯದಲ್ಲೂ ಹೀಗೆಯೇ: ಬಟವಾಡೆಯ ದಿನ ಸಾವಿರಾರು ಸಾಲುಗಳು ಅಪ್‌ಡೇಟ್ ಆದ ಮೇಲೆ ಅವು ಏರುತ್ತವೆ, ಸ್ವಯಂ ವ್ಯಾಕ್ಯೂಮ್ ನಡೆದ ಮೇಲೆ ಇಳಿಯುತ್ತವೆ, ಒಂದು ಹೊತ್ತಿನ ಸಂಖ್ಯೆ ನೋಡಿ ಗಾಬರಿಯಾಗಬೇಕಿಲ್ಲ.

ಹಂತ 6: ಜನರ ಮಾಹಿತಿ ಸೋರದಂತೆ ನೋಡಿಕೊಳ್ಳಿ

ಅಂಕಿಅಂಶದಲ್ಲಿ ಬರೀ ಸಂಖ್ಯೆಗಳಿರುತ್ತವೆ, ಆದ್ದರಿಂದ ಗೌಪ್ಯತೆಯ ಪ್ರಶ್ನೆ ಏಳುವುದಿಲ್ಲ ಎಂದು ಅನೇಕರು ನಂಬಿದ್ದಾರೆ. ಇದು ನಿಜವಲ್ಲ, ಮತ್ತು ಈ ನಂಬಿಕೆಯಿಂದ ರೈತರಿಗೆ ನೇರವಾಗಿ ಹಾನಿಯಾಗಬಹುದು ಎಂಬುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪಿಜಿ_ಸ್ಟಾಟ್ಸ್‌ನ ಮೋಸ್ಟ್_ಕಾಮನ್_ವ್ಯಾಲ್ಸ್ ಕಾಲಂನಲ್ಲಿ ಹೆಚ್ಚು ಬಾರಿ ಬರುವ ಮೌಲ್ಯಗಳು ಇದ್ದ ಹಾಗೆಯೇ ಇರುತ್ತವೆ. ಗ್ರಾಮದ ಹೆಸರಿನ ಕಾಲಂಗೆ ಅದು ಗ್ರಾಮಗಳ ಪಟ್ಟಿ, ಅಡ್ಡಿಯಿಲ್ಲ. ಮೊಬೈಲ್ ಸಂಖ್ಯೆಯ ಕಾಲಂನಲ್ಲಿ ಎಲ್ಲವೂ ಬೇರೆ ಬೇರೆ ಆಗಿರುವುದರಿಂದ ಆ ಪಟ್ಟಿ ಖಾಲಿಯಿರುತ್ತದೆ. ಅದನ್ನು ನೋಡಿ ನಿಶ್ಚಿಂತರಾಗುವವರಿದ್ದಾರೆ. ಆದರೆ ಅದರ ಪಕ್ಕದ ಹಿಸ್ಟೋಗ್ರಾಮ್_ಬೌಂಡ್ಸ್ ಕಾಲಂನಲ್ಲಿ ಮಾದರಿಯಿಂದ ತೆಗೆದ ನಿಜವಾದ ಮೊಬೈಲ್ ಸಂಖ್ಯೆಗಳು, ಟಾರ್ಗೆಟ್ 100 ಇರುವಾಗ 101ರವರೆಗೆ, ಸಾಲಾಗಿ ಕುಳಿತಿರುತ್ತವೆ. ಬ್ಯಾಂಕ್ ಖಾತೆ ಸಂಖ್ಯೆಯ ಕಾಲಂಗೂ ಇದೇ ಮಾತು. ಏಜೆಂಟ್ ಕಾಲಂ_ಹರವು ಕರೆದ ಕ್ಷಣ ಅವೆಲ್ಲ ಮಾಡೆಲ್‌ನ ಮುಂದೆ, ಬಳಕೆದಾರರ ಚಾಟ್‌ನಲ್ಲಿ ಮತ್ತು ಲಾಗ್‌ಗಳಲ್ಲಿ ಬಂದು ಬೀಳುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರುವ ದೇಶದಲ್ಲಿ ಇದನ್ನು ಹಗುರವಾಗಿ ನೋಡುವಂತಿಲ್ಲ.

ಇದಕ್ಕೆ ಪರಿಹಾರ ಟೂಲ್‌ನಲ್ಲೇ ಇರಬೇಕು. ಯಾವ ಕಾಲಂಗಳ ಮೌಲ್ಯಗಳನ್ನು ಕೊಡಬಹುದು ಎಂಬ ಅನುಮತಿ ಪಟ್ಟಿ ಮಾಡಿ. ಪಟ್ಟಿಯಲ್ಲಿ ಇಲ್ಲದ ಕಾಲಂಗೆ ಅನುಪಾತ, ಬೇರೆ ಮೌಲ್ಯಗಳ ಅಂದಾಜು ಮತ್ತು ನಲ್‌ಗಳ ಪಾಲನ್ನು ಮಾತ್ರ ಕೊಟ್ಟು, ಮೌಲ್ಯಗಳ ಜಾಗದಲ್ಲಿ “ಮರೆಮಾಡಲಾಗಿದೆ” ಎಂದು ಇಡಿ. ಏಜೆಂಟ್ ಸಂಪರ್ಕಿಸುವ ಡೇಟಾಬೇಸ್ ಖಾತೆಗೆ ಸೂಪರ್‌ಯೂಸರ್ (ಯಾವ ತಡೆಯೂ ಇಲ್ಲದ) ಅಧಿಕಾರ ಕೊಡಬೇಡಿ. ಪಿಜಿ_ಸ್ಟಾಟ್ಸ್ ವ್ಯೂ ತನ್ನಷ್ಟಕ್ಕೆ, ಓದುವ ಅನುಮತಿ ಇರುವ ಕಾಲಂಗಳನ್ನು ಮಾತ್ರ ತೋರಿಸುತ್ತದೆ, ಆ ರಕ್ಷಣೆ ಸೂಪರ್‌ಯೂಸರ್‌ಗೆ ಅನ್ವಯಿಸುವುದಿಲ್ಲ. ಚಟುವಟಿಕೆಯ ಕೌಂಟರ್‌ಗಳು ಮತ್ತು ಇತರರ ಕ್ವೆರಿಗಳನ್ನು ನೋಡಲು ಪಿಜಿ_ರೀಡ್_ಆಲ್_ಸ್ಟಾಟ್ಸ್ ಎಂಬ ಸಿದ್ಧ ರೋಲ್ ಸಾಕು. ಮರೆಮಾಡಿದ ಮೌಲ್ಯ ಎಂದರೆ ನಲ್ ಅಲ್ಲ, ಅದನ್ನು ಬೇರೆ ದಾರಿಯಿಂದ ಪಡೆಯಲು ಪ್ರಯತ್ನಿಸಬಾರದು ಎಂದು ವಿವರಣೆಯಲ್ಲಿಯೂ ಬರೆಯಿರಿ.

ಇನ್ನೊಂದು ವಿಷಯ. ಟೇಬಲ್‌ನಲ್ಲಿರುವ ಮೌಲ್ಯಗಳನ್ನು ಯಾರು ಬೇಕಾದರೂ ಟೈಪ್ ಮಾಡಿರಬಹುದು. ಷರಾ ಕಾಲಂನಲ್ಲಿ ಏಜೆಂಟ್‌ಗೆ ಆಜ್ಞೆಯಂತೆ ಕಾಣುವ ವಾಕ್ಯವನ್ನು ಯಾರಾದರೂ ಪದೇಪದೇ ಬರೆದಿಟ್ಟರೆ, ಅದು ಹೆಚ್ಚು ಬಾರಿ ಬರುವ ಮೌಲ್ಯವಾಗಿ ಟೂಲ್‌ನ ಉತ್ತರದೊಳಗೆ ಬಂದು ಕೂರುತ್ತದೆ. ಮೌಲ್ಯಗಳು ಮತ್ತು ಕ್ವೆರಿಗಳ ಪಠ್ಯವನ್ನು ದತ್ತಾಂಶವೆಂದು ಮಾತ್ರ ಪರಿಗಣಿಸಬೇಕು, ಅವುಗಳೊಳಗಿನ ಯಾವ ಸೂಚನೆಯನ್ನೂ ಪಾಲಿಸಬಾರದು ಎಂದು ಬರೆಯುವುದು ಅಗತ್ಯ. ಆದರೆ ಬರೆದಷ್ಟಕ್ಕೇ ರಕ್ಷಣೆ ಸಿಕ್ಕಿತು ಎಂದುಕೊಳ್ಳಬೇಡಿ. ಓದುವುದಷ್ಟೇ ಸಾಧ್ಯವಿರುವ ಖಾತೆ ನಿಜವಾದ ಬೇಲಿ. ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್‌ನಲ್ಲಿ ಟೂಲ್ ಓದಲಷ್ಟೇ ಎಂದು ಹೇಳುವ ರೀಡ್‌ಓನ್ಲಿಹಿಂಟ್ ಎಂಬ ಗುರುತೂ ಸೂಚನೆಯಷ್ಟೇ ಹೊರತು ತಡೆಯಲ್ಲ.

ಹಂತ 7: ದೋಷ ಮತ್ತು ಖಾಲಿ ಉತ್ತರ

ದೋಷದ ಸಂದೇಶವೂ ವಿವರಣೆಯ ಭಾಗವೇ. ಮುಂದೇನು ಮಾಡಬೇಕು ಎಂಬುದು ಪ್ರತಿ ಸಂದೇಶದಲ್ಲೂ ಇರಬೇಕು: “ಹಾಲು_ಸಂಗ್ರಾಹ ಎಂಬ ಟೇಬಲ್ ಪಬ್ಲಿಕ್ ಸ್ಕೀಮಾದಲ್ಲಿ ಇಲ್ಲ. ಹತ್ತಿರದ ಹೆಸರು: ಹಾಲು_ಸಂಗ್ರಹ. ಖಚಿತಪಡಿಸಿಕೊಳ್ಳಲು ಟೇಬಲ್_ಪಟ್ಟಿ ಕರೆಯಿರಿ.” ಟೇಬಲ್ ಇಲ್ಲ, ಅನುಮತಿ ಇಲ್ಲ, ಅಂಕಿಅಂಶ ಇನ್ನೂ ಸಂಗ್ರಹವಾಗಿಲ್ಲ ಎಂಬ ಮೂರು ಸ್ಥಿತಿಗಳಿಗೂ ಖಾಲಿ ಪಟ್ಟಿಯನ್ನೇ ಕೊಡುವ ಟೂಲ್‌ಗೆ ಎಷ್ಟು ಒಳ್ಳೆಯ ವಿವರಣೆ ಬರೆದರೂ ಪ್ರಯೋಜನವಿಲ್ಲ, ಮೊದಲು ಟೂಲ್ ಅನ್ನೇ ಸರಿಪಡಿಸಿ. ಪಿಜಿ_ಸ್ಟಾಟ್_ಸ್ಟೇಟ್‌ಮೆಂಟ್ಸ್‌ನಲ್ಲಿ ಅಧಿಕಾರವಿಲ್ಲದ ಖಾತೆಗೆ ಇತರರ ಕ್ವೆರಿಗಳ ಪಠ್ಯದ ಜಾಗದಲ್ಲಿ ಸಾಕಷ್ಟು ಅನುಮತಿಯಿಲ್ಲ ಎಂಬರ್ಥದ ಇಂಗ್ಲಿಷ್ ಒಕ್ಕಣೆ ಕಾಣುತ್ತದೆ. ಅದು ಕ್ವೆರಿಯಲ್ಲ ಎಂದು ಏಜೆಂಟ್‌ಗೆ ಹೇಳಿ.

ಹಂತ 8: ಉದಾಹರಣೆಗಳು

ಪ್ರತಿ ಟೂಲ್‌ಗೆ ಎರಡು ಅಥವಾ ಮೂರು ಪೂರ್ತಿ ಉದಾಹರಣೆ ಸಾಕು: ಬಳಕೆದಾರರ ಪ್ರಶ್ನೆ, ಕರೆ, ಬಂದ ಉತ್ತರ, ಬಳಕೆದಾರರಿಗೆ ಕೊಡಬೇಕಾದ ಮಾತು. ಅವುಗಳಲ್ಲಿ ಒಂದಾದರೂ ಕೈಕೊಟ್ಟ ಸಂದರ್ಭದ್ದಾಗಿರಲಿ. ಪ್ರಶ್ನೆಗಳನ್ನು ಜನ ಕೇಳುವ ಹಾಗೆಯೇ ಬರೆಯಿರಿ. ಡೇರಿಯ ಕಾರ್ಯದರ್ಶಿ “ಪ್ಲಾನರ್‌ನ ಅಂದಾಜು ಹಳತಾಗಿದೆಯೇ” ಎಂದು ಕೇಳುವುದಿಲ್ಲ, “ಸಂಜೆ ಹೊತ್ತು ಸ್ಲಿಪ್ ಬರೋದು ಯಾಕೆ ಇಷ್ಟು ತಡ ಆಗ್ತಾ ಇದೆ ಸಾರ್” ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಏಜೆಂಟ್ ಮೊದಲು ನಿಧಾನ_ಕ್ವೆರಿ, ಅದರಲ್ಲಿ ಕಂಡ ಟೇಬಲ್‌ಗೆ ಟೇಬಲ್_ಸ್ಥಿತಿ, ಕೊನೆಯ ಅನಲೈಜ್ ಹಳತಾಗಿದ್ದರೆ ಆ ವಿಷಯವನ್ನು ಡಿಬಿಎಗೆ ತಿಳಿಸುವುದು ಎಂಬ ಕ್ರಮವನ್ನು ಒಂದು ಉದಾಹರಣೆಯಲ್ಲಿ ಪೂರ್ತಿ ತೋರಿಸಿ. ಅನಲೈಜ್ ಓದು ಬರಹಗಳನ್ನು ತಡೆಯುವುದಿಲ್ಲ ನಿಜ, ಆದರೂ ಡಿಸ್ಕ್ ಮೇಲೆ ಕೆಲಸ ಹಾಕುತ್ತದೆ. ಸಂಜೆ ಹಾಲು ಅಳೆಯುವ ಹೊತ್ತಿನಲ್ಲಿ ಅದನ್ನು ಓಡಿಸುವ ನಿರ್ಧಾರ ಮನುಷ್ಯರ ಕೈಯಲ್ಲಿರಲಿ.

ಉದ್ದದ ಬಗ್ಗೆ ಒಂದು ಮಾತು. ಕಿರು ವಿವರಣೆ ಪ್ರತಿ ಸಂಭಾಷಣೆಯಲ್ಲೂ ಮಾಡೆಲ್‌ನ ಮುಂದೆ ಇರುವುದರಿಂದ ಅದು ಬಿಗಿಯಾಗಿರಬೇಕು. ಫೀಲ್ಡ್‌ಗಳ ವಿವರ ಮತ್ತು ಉದಾಹರಣೆಗಳನ್ನು ಬೇಕಾದಾಗ ಓದುವ ಪ್ರತ್ಯೇಕ ಕಡತದಲ್ಲಿಡಿ. ಆದರೆ “ಇದು ಅಂದಾಜು” ಮತ್ತು “ವ್ಯವಹಾರದ ಪ್ರಶ್ನೆಗೆ ಬಳಸಬೇಡಿ” ಎಂಬ ಎರಡು ಮಾತು ಮಾತ್ರ ಕಿರು ವಿವರಣೆಯಲ್ಲೇ ಇರಲಿ. ಕಡತವನ್ನು ಏಜೆಂಟ್ ತೆರೆಯದೆಯೂ ಇರಬಹುದು.

ಹಂತ 9: ಪರೀಕ್ಷೆ

ವಿವರಣೆ ಸಿದ್ಧವಾದ ಮೇಲೆ, ಬೇರಾವ ಸಹಾಯವನ್ನೂ ಕೊಡದೆ, ಅದೊಂದನ್ನೇ ಓದಿದ ಏಜೆಂಟ್‌ಗೆ ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ಕೇಳಿ. ಸುಲಭದ ಪ್ರಶ್ನೆಗಳಿಂದ ಲಾಭ ಕಡಿಮೆ. ಅಳೆಯದ ಟೇಬಲ್‌ನಲ್ಲಿ ಎಷ್ಟು ಸಾಲಿವೆ, ಕೊನೆಯದಾಗಿ ಯಾವ ದಿನದ ಹಾಲು ದಾಖಲಾಗಿದೆ, ಈ ಇಂಡೆಕ್ಸ್ ತೆಗೆಯಬಹುದೇ, ಸದಸ್ಯರ ಮೊಬೈಲ್ ಸಂಖ್ಯೆಗಳ ಮಾದರಿ ತೋರಿಸು ಎಂಬಂಥವನ್ನು ಕೇಳಿ. ಅಂತಿಮ ಉತ್ತರವನ್ನಷ್ಟೇ ನೋಡದೆ ಏಜೆಂಟ್ ಯಾವ ಟೂಲ್ ಅನ್ನು ಯಾವ ಕ್ರಮದಲ್ಲಿ ಕರೆಯಿತು ಎಂಬುದನ್ನೂ ಓದಿ. ಸರಿ ಉತ್ತರ ತಪ್ಪು ದಾರಿಯಿಂದ ಬಂದಿರಬಹುದು. ಒಂದೇ ಪ್ರಶ್ನೆಗೆ ಪ್ರತಿ ಬಾರಿಯೂ ಒಂದೇ ಉತ್ತರ ಬರುತ್ತದೆ ಎಂಬ ಖಾತ್ರಿಯಿಲ್ಲದ ಕಾರಣ ಪ್ರತಿ ಪ್ರಶ್ನೆಯನ್ನೂ ಹಲವು ಬಾರಿ ಕೇಳಬೇಕು. ತಪ್ಪು ಕಂಡಾಗ ಏಜೆಂಟ್‌ಗೆ ಇನ್ನಷ್ಟು ಸೂಚನೆ ಕೊಟ್ಟು ತೇಪೆ ಹಚ್ಚುವ ಬದಲು, ಮೊದಲು ಔಟ್‌ಪುಟ್‌ನ ಫೀಲ್ಡ್ ಹೆಸರನ್ನೂ ನಂತರ ಅದರ ವಿವರಣೆಯನ್ನೂ ತಿದ್ದಿ.

ಅದೇ ವಿವರಣೆಯನ್ನು ತಂಡಕ್ಕೆ ಹೊಸದಾಗಿ ಸೇರಿದವರಿಗೂ ಓದಲು ಕೊಡಿ. ಅವರು ಎಲ್ಲಿ ನಿಂತು ಪ್ರಶ್ನೆ ಕೇಳುತ್ತಾರೋ ಅಲ್ಲಿ ಏಜೆಂಟ್ ಕೇಳದೆಯೇ ಊಹಿಸುತ್ತಿರುವ ಸಾಧ್ಯತೆ ಹೆಚ್ಚು.

ಹಂತ 10: ಆವೃತ್ತಿಯೊಂದಿಗೆ ಹೆಜ್ಜೆ ಹಾಕುವುದು

ಪೋಸ್ಟ್‌ಗ್ರೆಸ್‌ನ ಅಂಕಿಅಂಶ ವ್ಯೂಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ಪಿಜಿ_ಸ್ಟಾಟ್_ಸ್ಟೇಟ್‌ಮೆಂಟ್ಸ್‌ನ ಟೋಟಲ್_ಟೈಮ್ ಕಾಲಂ 13ರಲ್ಲಿ ಟೋಟಲ್_ಎಕ್ಸೆಕ್_ಟೈಮ್ ಆಯಿತು. 17ರಲ್ಲಿ ಚೆಕ್‌ಪಾಯಿಂಟ್‌ನ (ಮೆಮೊರಿಯಲ್ಲಿನ ಬದಲಾವಣೆಗಳನ್ನು ಡಿಸ್ಕ್‌ಗೆ ಬರೆಯುವ ಕೆಲಸದ) ಕೌಂಟರ್‌ಗಳು ಪಿಜಿ_ಸ್ಟಾಟ್_ಚೆಕ್‌ಪಾಯಿಂಟರ್ ಎಂಬ ಬೇರೆ ವ್ಯೂಗೆ ಹೋದವು. ದೊಡ್ಡ ಆವೃತ್ತಿಗೆ ಪಿಜಿ_ಅಪ್‌ಗ್ರೇಡ್ ಮೂಲಕ ಏರಿದಾಗ ಪ್ಲಾನರ್‌ನ ಅಂದಾಜುಗಳು ಬಹುಕಾಲ ಉಳಿದು ಬರುತ್ತಿರಲಿಲ್ಲ, 18ರಿಂದ ಬರುತ್ತವೆ. ಚಟುವಟಿಕೆಯ ಕೌಂಟರ್‌ಗಳು ಈಗಲೂ ಸೊನ್ನೆಯಿಂದಲೇ ಶುರು. ಹೀಗಾಗಿ ಟೂಲ್‌ನ ಪ್ರತಿ ಉತ್ತರದಲ್ಲೂ ಸರ್ವರ್‌ನ ಆವೃತ್ತಿ ಇರಲಿ, ವಿವರಣೆಯ ತಲೆಬರಹದಲ್ಲಿ ಅದನ್ನು ಯಾವ ಆವೃತ್ತಿಗಳ ಮೇಲೆ ಪರೀಕ್ಷಿಸಲಾಗಿದೆ ಎಂದು ನಮೂದಿಸಿ.

ವಿವರಣೆಯ ಕಡತ ಟೂಲ್‌ನ ಕೋಡ್ ಇರುವ ರೆಪೊಸಿಟರಿಯಲ್ಲೇ ಇರಬೇಕು, ಒಂದನ್ನು ಬದಲಿಸುವವರು ಇನ್ನೊಂದನ್ನು ಅದೇ ಕಮಿಟ್‌ನಲ್ಲಿ ಬದಲಿಸಬೇಕು. ಇದನ್ನು ನೆನಪಿಗೆ ಬಿಡದೆ ಒಂದು ಸಣ್ಣ ಸ್ಕ್ರಿಪ್ಟ್‌ಗೆ ವಹಿಸಿ: ಅದು ಟೂಲ್ ಅನ್ನು ಪರೀಕ್ಷಾ ಡೇಟಾಬೇಸ್ ಮೇಲೆ ಓಡಿಸಿ, ಬಂದ ಫೀಲ್ಡ್‌ಗಳ ಹೆಸರನ್ನು ವಿವರಣೆಯಲ್ಲಿರುವ ಹೆಸರುಗಳೊಂದಿಗೆ ಹೋಲಿಸಿ, ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದ ಹೆಸರು ಸಿಕ್ಕಿದರೆ ಬಿಲ್ಡ್ ಅನ್ನು ನಿಲ್ಲಿಸಲಿ. ಹಂತ 9ರ ಪ್ರಶ್ನೆಗಳನ್ನೂ ಅದೇ ರೆಪೊಸಿಟರಿಯಲ್ಲಿ ಇಟ್ಟು, ಮಾಡೆಲ್ ಬದಲಾದಾಗ ಮತ್ತು ಸರ್ವರ್‌ನ ಆವೃತ್ತಿ ಬದಲಾದಾಗ ಮತ್ತೊಮ್ಮೆ ಓಡಿಸಿ.